ಹೆರಿಗೆಯಲ್ಲಿ ನಿಮ್ಮ ಮಾತು: ಏಳನೇ ತಿಂಗಳಿಂದ ಡಿಸ್ಚಾರ್ಜ್‌ವರೆಗೆ ಏನು ಕೇಳಬೇಕು, ಹೇಗೆ ಕೇಳಬೇಕು

ನನ್ನ ಬೀರುವಿನಲ್ಲಿ ಒಂದು ಜೆರಾಕ್ಸ್ ಇದೆ. ಎಂಟು ವರ್ಷದ ಹಿಂದಿನದು. ನನ್ನ ಮೊದಲ ಹೆರಿಗೆಯ ಒಪ್ಪಿಗೆ ಪತ್ರ. ಅದರಲ್ಲಿ ಮೂರು ಸಹಿ ಇವೆ. ಒಂದು ನನ್ನ ಗಂಡನದು, ಒಂದು ಮಾವನವರದು, ಇನ್ನೊಂದು ಡ್ಯೂಟಿ ಡಾಕ್ಟರದು. ನನ್ನದಿಲ್ಲ. 'ರೋಗಿಯ ಸಹಿ' ಅಂತ ಅಚ್ಚಾದ ಜಾಗದಲ್ಲಿ ಯಾರೋ ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದಾರೆ. ಆ ಹೊತ್ತಿಗೆ ನಾನು ಬಾಗಿಲ ಆ ಕಡೆ, ಹತ್ತು ಅಡಿ ದೂರದಲ್ಲಿ ಮಲಗಿದ್ದೆ. ಪೂರ್ತಿ ಎಚ್ಚರವಿತ್ತು.

ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಗಾಬರಿ, ಎಲ್ಲರಿಗೂ ಅವಸರ. "ಮಗುವಿನ ಸುತ್ತ ನೀರು ಕಡಿಮೆ ಆಗಿದೆ, ಈಗಲೇ ತೆಗೀಬೇಕು" ಅಂದರು, ಸಿಸೇರಿಯನ್ ಮಾಡಿ ತೆಗೆದರು. ಮಗಳು ಚೆನ್ನಾಗಿದ್ದಾಳೆ, ಈಗ ಎರಡನೇ ಕ್ಲಾಸು. ಆದರೆ ಎಷ್ಟು ಕಡಿಮೆ ಆಗಿತ್ತು, ಕಾಯಬಹುದಿತ್ತಾ ಅನ್ನೋ ಪ್ರಶ್ನೆ ವರ್ಷಗಟ್ಟಲೆ ಒಳಗೇ ಕೊರೆಯಿತು. ಎರಡನೇ ಸಲ ಬಸುರಿಯಾದಾಗ ಒಂದು ತೀರ್ಮಾನ ಮಾಡಿದೆ. ಏನೇ ಆಗಲಿ, ಈ ಸಲ ನನ್ನನ್ನು ಕೇಳಿ ಆಗಬೇಕು.

ಆಗ ಕಲಿತದ್ದನ್ನು, ಆಮೇಲೆ ಮೂಡಿಗೆರೆ ಕಡೆಗೆ ಮದುವೆಯಾಗಿ ಹೋದ ನನ್ನ ಚಿಕ್ಕಮ್ಮನ ಮಗಳಿಗೆ ಫೋನಿನಲ್ಲಿ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ದೇಹದ ವಿಚಾರ ನಿಮ್ಮ ಡಾಕ್ಟರೇ ಹೇಳಬೇಕು. ಅವರಿಂದ ಹೇಳಿಸಿಕೊಳ್ಳೋದು ಹೇಗೆ ಅನ್ನೋದಷ್ಟೇ ನನ್ನ ಪಾಠ.

ಶುರುವಿಗೆ ಮುಂಚೆ: ಯಾವುದು ನಿಮ್ಮ ಕೈಯಲ್ಲಿದೆ, ಯಾವುದು ಇಲ್ಲ

ಮೊದಲು ಸಹಿಯ ವಿಚಾರ. 18 ವರ್ಷ ದಾಟಿದ, ಎಚ್ಚರ ಇರುವ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಚಿಕಿತ್ಸೆಗೆ ಅವಳೇ ಒಪ್ಪಬೇಕು. ಗಂಡನೂ ಅಲ್ಲ, ಅಪ್ಪನೂ ಅಲ್ಲ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅವರಿಗೆ ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದರು. ಮಲಗಿದ್ದಾಗ, ಹೊರಗಿದ್ದ ಅವರ ಅಮ್ಮನ ಒಪ್ಪಿಗೆ ತಗೊಂಡು ಗರ್ಭಕೋಶ ತೆಗೆದುಬಿಟ್ಟರು. ಜೀವಕ್ಕೆ ಅಪಾಯ ಇರಲಿಲ್ಲ, ಎಚ್ಚರವಾಗೋವರೆಗೆ ಕಾಯಬಹುದಿತ್ತು, ಹಾಗಾಗಿ ಅಮ್ಮನ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂದಿತು ಕೋರ್ಟು. ಹೆತ್ತಮ್ಮನ ಸಹಿಯೇ ನಡೆಯಲ್ಲ ಅಂದಮೇಲೆ ನಮ್ಮ ಮಾವನವರ ಸಹಿ ಎಲ್ಲಿಂದ ನಡೆಯುತ್ತೆ ಹೇಳಿ.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಜೀವ ಉಳಿಸಲು ತಡ ಮಾಡುವಂತಿಲ್ಲದಾಗ ಡಾಕ್ಟರು ಒಪ್ಪಿಗೆಗೆ ಕಾಯಬೇಕಿಲ್ಲ. ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ರಕ್ತ ಸುರಿಯುತ್ತಿದ್ದರೆ, ಫಿಟ್ಸ್ ಬಂದರೆ, ಮಗುವಿಗಿಂತ ಮುಂಚೆ ಹೊಕ್ಕುಳ ಬಳ್ಳಿ ಕೆಳಗಿಳಿದರೆ, ಮಗುವಿನ ಎದೆಬಡಿತ ಇಳಿದು ಮತ್ತೆ ಏಳದಿದ್ದರೆ ಅಲ್ಲಿ ವಾದ ಬೇಡ. ಒಪ್ಪಿಬಿಡಿ.

ಇವೆರಡರ ನಡುವೆ ಬೇಕಾದಷ್ಟು ಜಾಗ ಇದೆ. ಜೊತೆಗೆ ಯಾರಿರಬೇಕು, ನೋವಿನಲ್ಲಿ ಓಡಾಡೋದಾ ಮಲಗೋದಾ, ಯಾವ ಭಂಗಿಯಲ್ಲಿ ಹೆರೋದು, ಬಾಯಾರಿದರೆ ಕುಡಿಯೋದು, ಮಗು ಬರುವ ದಾರಿ ಅಗಲ ಮಾಡೋಕೆ ಕೆಳಗೆ ಕೊಯ್ಯುವ ಮುಂಚೆ ಕೇಳೋದು, ಮತ್ತೆ ಬಸಿರಾಗದಂತೆ ಹಾಕುವ ಕಾಪರ್-ಟಿ ಬೇಕಾ ಬೇಡವಾ. ತೊಂದರೆ ಇಲ್ಲದ ಹೆರಿಗೆಯಲ್ಲಿ ಆ ಹೊತ್ತಿನ ಇಂಥ ವಿಷಯಗಳು ತಾಯಿಯ ಇಷ್ಟದಂತೆ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನಮ್ಮ ಸರ್ಕಾರದ್ದೇ 'ಲಕ್ಷ್ಯ' ಅನ್ನೋ ಯೋಜನೆ 2017ರಿಂದ ಇದೆ. ಹೆರಿಗೆ ಕೋಣೆಯಲ್ಲಿ ಪರದೆ ಇರಬೇಕು, ಜೊತೆಗೊಬ್ಬರಿರಬೇಕು, ಬೈಯಬಾರದು, ಹೊಡೆಯಬಾರದು ಅಂತ ಅದರಲ್ಲಿದೆ. ಹೊಡೆಯಬಾರದು ಅಂತ ಬರೆಯಬೇಕಾಗಿ ಬಂತಲ್ಲ, ಅದೇ ಕಥೆ ಹೇಳುತ್ತೆ.

ಹೆಜ್ಜೆ 1: ತಾಯಿ ಕಾರ್ಡನ್ನು ನೀವೇ ಓದಿ

ತಾಯಿ ಕಾರ್ಡ್ ಸಾಮಾನ್ಯವಾಗಿ ಎಲ್ಲಿರುತ್ತೆ? ಅತ್ತೆಯ ಟ್ರಂಕಿನಲ್ಲೋ ಗಂಡನ ಬೈಕಿನ ಡಿಕ್ಕಿಯಲ್ಲೋ. ಅದನ್ನು ಈಸಿಕೊಳ್ಳಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಶುಗರ್, ಹೆರಿಗೆ ದಿನಾಂಕ ಇಷ್ಟು ನೋಡಿ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತ ಅರ್ಥ, 7ಕ್ಕಿಂತ ಕೆಳಗಿದ್ದರೆ ತುಂಬಾ ಗಂಭೀರ. ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಕೇಳಿ. ಕಾರ್ಡಿನ ಮೇಲೆ 'ಹೈ ರಿಸ್ಕ್' ಅಂತ ಬರೆದಿದ್ದರೆ ಯಾಕೆ ಅಂತ ಕೇಳದೆ ಎದ್ದು ಬರಬೇಡಿ. ರಕ್ತ ತುಂಬ ಕಡಿಮೆ ಇದ್ದವರಿಗೆ ಎಲ್ಲಿ ಹೆರಬೇಕು ಅನ್ನೋ ಆಯ್ಕೆಯೇ ಕಿರಿದಾಗುತ್ತೆ. ಕಬ್ಬಿಣದ ಮಾತ್ರೆ ನುಂಗೋದೂ ನಿಮ್ಮ ಮಾತಿನ ಬಲ ಹೆಚ್ಚಿಸುವ ಕೆಲಸವೇ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇರುತ್ತೆ. ರಶ್ ಜಾಸ್ತಿ. ಆದರೂ ಹೋಗಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ದಿನಾಂಕದ ಬಗ್ಗೆ ಒಂದು ಮಾತು. ಕಾರ್ಡಿನಲ್ಲಿ ಬರೆದದ್ದು ಗಡುವಲ್ಲ, ಅಂದಾಜು. 37 ವಾರದಿಂದ 42 ವಾರದ ತನಕ ಯಾವಾಗ ಬೇಕಾದರೂ ನೋವು ಬರಬಹುದು. "ಡೇಟ್ ದಾಟಿ ಎರಡು ದಿನ ಆಯ್ತು, ಇನ್ನೂ ಏನೂ ಇಲ್ವಲ್ಲ" ಅಂತ ಮನೆಯವರು ಅವಸರ ಮಾಡಿದರೆ ಇದನ್ನು ಹೇಳಿ. ಆದರೆ 41 ವಾರ ದಾಟಿದರೆ ನೋವು ಬರಿಸುವ ಬಗ್ಗೆ ಡಾಕ್ಟರೇ ಮಾತೆತ್ತುತ್ತಾರೆ.

ಹೆಜ್ಜೆ 2: ಎಲ್ಲಿ ಅನ್ನೋದನ್ನು ಮಳೆಗಾಲ ನೋಡಿ ತೀರ್ಮಾನಿಸಿ

ಅರಸೀಕೆರೆ, ಕಡೂರು ಕಡೆಯವರಿಗೆ ಇದು ದೊಡ್ಡ ವಿಷಯವಲ್ಲ. ರಸ್ತೆ ನೇರ, ಬಯಲು. ನಮ್ಮ ಮಲೆನಾಡಿನ ಕಡೆ ಹಾಗಲ್ಲ. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರು ಅಷ್ಟೇ. ಆದರೆ ಎಸ್ಟೇಟಿನ ಲೈನ್ ಮನೆಯಿಂದ ಟಾರು ರಸ್ತೆಗೆ ಬರೋದೇ ಒಂದು ಪ್ರಯಾಣ. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋಗಿ, ಫೋನಿಗೆ ನೆಟ್‌ವರ್ಕ್ ಇಲ್ಲದೆ, 108ಕ್ಕೆ ಕರೆ ಮಾಡೋಕೆ ಗುಡ್ಡ ಹತ್ತಬೇಕಾದ ಮನೆಗಳಿವೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಣ್ಣು ಕುಸಿದರೆ ಮಂಗಳೂರಿನ ಕಡೆ ಹೋಗೋ ಮಾತೇ ಇಲ್ಲ.

ಹಾಗಾಗಿ ಹೆರಿಗೆ ದಿನ ಜೂನ್‌ನಿಂದ ಸೆಪ್ಟೆಂಬರ್ ಒಳಗಿದ್ದರೆ, 37 ವಾರ ಆಗುತ್ತಿದ್ದಂತೆ ಪೇಟೆಯಲ್ಲಿರುವ ನೆಂಟರ ಮನೆಗೆ ಹೋಗಿಬಿಡಿ. ನಾನು ಎರಡನೇ ಸಲ ಹಾಸನದಲ್ಲಿ ಅತ್ತಿಗೆ ಮನೆಯಲ್ಲಿ ಹದಿನಾರು ದಿನ ಕೂತಿದ್ದೆ. ಮುಜುಗರ ಆಗುತ್ತೆ, ನಿಜ. ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚಿಕೊಟ್ಟುಕೊಂಡು ಕಾಲ ಹಾಕಿದೆ.

ಎಲ್ಲಿ ಹೆರಬೇಕು ಅನ್ನೋದು ತೊಂದರೆ ಎಷ್ಟಿದೆ ಅನ್ನೋದರ ಮೇಲೆ ಹೋಗುತ್ತೆ. ಎಲ್ಲ ಸರಿಯಿದ್ದರೆ ತಾಲ್ಲೂಕು ಆಸ್ಪತ್ರೆ ಸಾಕು. ಸಕಲೇಶಪುರದವರಿಗೆ ಕ್ರಾಫರ್ಡ್ ಆಸ್ಪತ್ರೆ ಇದೆ. ಆದರೆ ಅಲ್ಲಿ ರಾತ್ರಿ ಅರಿವಳಿಕೆ ಡಾಕ್ಟರು ಇರುತ್ತಾರಾ, ರಕ್ತ ಸಿಗುತ್ತಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಇದು ಯಾವ ತಾಲ್ಲೂಕಿಗೂ ಅನ್ವಯಿಸುವ ಪ್ರಶ್ನೆ. ಮೊದಲು ಸಿಸೇರಿಯನ್ ಆಗಿದ್ದರೆ, ಬಿಪಿ ಇದ್ದರೆ, ಅವಳಿ ಇದ್ದರೆ, ಹಾಸನದ ಹಿಮ್ಸ್ ಅಥವಾ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಜಾಗ ಬೇಕು. ಕೊಪ್ಪ, ಶೃಂಗೇರಿ ಕಡೆಯವರು ಮಣಿಪಾಲಕ್ಕೆ ಹೋಗೋದೂ ಉಂಟು.

ತವರಿಗೆ ಹೋಗುವ ಪದ್ಧತಿಯನ್ನೂ ಇಲ್ಲೇ ಹೇಳಬೇಕು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಹೋದರೆ ಡಾಕ್ಟರು ಬದಲಾಗುತ್ತಾರೆ. ಹೊಸಬರಿಗೆ ನಿಮ್ಮ ಕಥೆ ಗೊತ್ತಿರಲ್ಲ. ಹೋಗೋದಾದರೆ ಸ್ಕ್ಯಾನಿಂಗ್ ರಿಪೋರ್ಟುಗಳ ಸಮೇತ ಇಡೀ ಫೈಲು ಹೊತ್ತುಕೊಂಡು ಹೋಗಿ. ಅಲ್ಲಿ ಹೋದ ವಾರದಲ್ಲೇ ಒಮ್ಮೆ ತೋರಿಸಿಬಿಡಿ. ಎರಡೂ ಮನೆಯವರು ಎಲ್ಲಿ ಅಂತ ಜಗ್ಗಾಡುತ್ತಿದ್ದರೆ, "ನಂಗೆ ಎಲ್ಲಿ ಧೈರ್ಯ ಅನ್ಸುತ್ತೋ ಅಲ್ಲಿ" ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಬಹಳ ಮನೆಗಳಲ್ಲಿ ಆ ಮಾತನ್ನು ಯಾರೂ ಕೇಳೇ ಇರಲ್ಲ.

ದುಡ್ಡು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್ ಕೂಡ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ 2011ರಿಂದ ಇದೆ. ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಯಿಂದ ಕರೆತರೋದು, ವಾಪಸ್ ಬಿಡೋದು ಎಲ್ಲ ಅದರಲ್ಲೇ ಬರುತ್ತೆ. ವಾಪಸ್ ಬಿಡುವ ಗಾಡಿಗೆ ನಮ್ಮಲ್ಲಿ 'ನಗು-ಮಗು' ಅಂತಾರೆ. "ಖುಷಿಗೆ ಕೊಡಿ" ಅಂತ ಕೈಚಾಚಿದರೆ ಕೊಡಬೇಕಾದ್ದಿಲ್ಲ. ಖಾಸಗಿಯಲ್ಲಾದರೆ ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು ಅಂತ ರಾಜ್ಯದ ಕಾನೂನೇ ಇದೆ.

ಹೆಜ್ಜೆ 3: ಡಾಕ್ಟರನ್ನು ಏಳನೇ ತಿಂಗಳಲ್ಲೇ ಕೇಳಿ, ಮೂರೇ ಪ್ರಶ್ನೆ ಕೇಳಿ

ಒಪಿಡಿಯಲ್ಲಿ ನಿಮಗೆ ಸಿಗೋದು ಮೂರು ನಿಮಿಷ. ಹಿಂದೆ ನಲವತ್ತು ಜನ ಕೂತಿರುತ್ತಾರೆ. ಪಟ್ಟಿ ಹಿಡಿದು ಹೋದರೆ ಡಾಕ್ಟರ ಮುಖ ಗಂಟಾಗುತ್ತೆ, ನಿಮಗೂ ಮರೆತುಹೋಗುತ್ತೆ. ಅದಕ್ಕೇ ಒಂದು ಭೇಟಿಗೆ ಮೂರು.

ಕೇಳುವ ಧಾಟಿಯೂ ಮುಖ್ಯ. "ನೀವು ಸುಮ್ಸುಮ್ನೆ ಸಿಸೇರಿಯನ್ ಮಾಡ್ತೀರಂತೆ" ಅಂದರೆ ಜಗಳ ಶುರು. ನಾನು ಕೇಳಿದ್ದು ಹೀಗೆ: "ಮೇಡಂ, ಎಲ್ಲ ಸರಿ ಇದ್ರೆ ನನ್ನ ಜೊತೆ ಒಳಗೆ ಅಕ್ಕ ಇರಬಹುದಾ?" "ನೋವು ಬಂದಾಗ ಓಡಾಡೋಕೆ ಬಿಡ್ತೀರಾ?" "ಆಪರೇಷನ್ ಬೇಕು ಅನ್ನಿಸಿದ್ರೆ ನನಗೇ ಹೇಳ್ತೀರಾ?" ಮೂರನೆಯದಕ್ಕೆ ಅವರು ಬರೆಯೋದು ನಿಲ್ಲಿಸಿ ತಲೆಯೆತ್ತಿ ನೋಡಿದರು. "ಇನ್ಯಾರಿಗೆ ಹೇಳ್ತೀನಮ್ಮಾ?" ಅಂದರು. ಅಷ್ಟು ಸಾಕಿತ್ತು ನನಗೆ.

ಉತ್ತರಕ್ಕಿಂತ ಉತ್ತರ ಕೊಡುವ ರೀತಿ ನೋಡಿ. "ಅದೆಲ್ಲ ನಾವು ನೋಡ್ಕೋತೀವಿ, ನೀನು ಸುಮ್ನಿರು" ಅನ್ನುವ ಕಡೆ ಎರಡನೇ ಸಲ ಹೋಗೋಕೆ ನನಗಂತೂ ಮನಸ್ಸಿಲ್ಲ. ಬೇರೆ ಡಾಕ್ಟರಿಲ್ಲದ ಊರಾದರೆ ಅದೂ ಕಷ್ಟ, ಗೊತ್ತು. ಆಗ ಅದೇ ಪ್ರಶ್ನೆಯನ್ನು ಹೆರಿಗೆ ಕೋಣೆಯ ಸಿಸ್ಟರ್ ಹತ್ತಿರ ಕೇಳಿ. ನಿಜ ಹೇಳಬೇಕೆಂದರೆ ಆ ರಾತ್ರಿ ನಿಮ್ಮ ಜೊತೆ ಇರೋದು ಅವರೇ.

ಎಷ್ಟು ಹೆರಿಗೆಗೆ ಎಷ್ಟು ಆಪರೇಷನ್ ಅಂತಲೂ ಸಿಸ್ಟರನ್ನೇ ಕೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯಲ್ಲಿ 47.4. ನಮ್ಮ ಕರ್ನಾಟಕದ್ದು ಒಟ್ಟು 31.5. ದೊಡ್ಡ ಆಸ್ಪತ್ರೆಗೆ ಕಷ್ಟದ ಕೇಸುಗಳು ಬರುತ್ತವೆ, ಹಾಗಾಗಿ ಬರೀ ಅಂಕಿ ನೋಡಿ ತೀರ್ಪು ಕೊಡಬೇಡಿ. ಆದರೆ ಖಾಸಗಿಯಲ್ಲಿ ಹೆರುವ ಹೆಂಗಸರ ಹೊಟ್ಟೆ ಮೂರು ಪಟ್ಟು ಬೇರೆ ಥರ ಇರೋಕೆ ಸಾಧ್ಯ ಇಲ್ಲ, ಅಲ್ವಾ?

ಹೆಜ್ಜೆ 4: ಮನೆಯವರನ್ನು ಕೂರಿಸಿ ಮಾತಾಡಿ

ಹೆರಿಗೆ ಕೋಣೆಯ ಬಾಗಿಲ ಹೊರಗೆ ನಿಲ್ಲುವವರಿಗೆ ನಿಮ್ಮ ಮನಸ್ಸು ಗೊತ್ತಿರಬೇಕು. ನನ್ನ ಮೊದಲ ಹೆರಿಗೆಯಲ್ಲಿ ಎಡವಿದ್ದು ಇಲ್ಲಿಯೇ. ಗಂಡನಿಗೆ ನಾನು ಏನೂ ಹೇಳಿರಲಿಲ್ಲ. "ಸಹಿ ಹಾಕಿ" ಅಂದರು, ಹಾಕಿದರು. ಅವರದೇನು ತಪ್ಪು?

ಎರಡನೇ ಸಲ ಒಂದು ಭಾನುವಾರ ಮಧ್ಯಾಹ್ನ, ಊಟ ಆದಮೇಲೆ, ಅಡಿಕೆ ಎಲೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ ಹೇಳಿದೆ. "ಯಾರಾದ್ರೂ ಪೇಪರ್ ತಂದ್ರೆ, 'ಅವಳನ್ನೇ ಕೇಳಿ' ಅನ್ನಿ. ಅಷ್ಟೇ ಸಾಕು." ಅತ್ತೆ ಮೊದಲು, "ನೋವಲ್ಲಿ ಇರೋಳಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ" ಅಂದರು. ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತಾ ಕೂತಿದ್ದು ಆಮೇಲೆ ಹೇಳಿದರು: "ನನ್ನ ಮೂರನೇದಕ್ಕೆ ನಂಗೆ ಹೇಳ್ದೆ ಆಪರೇಷನ್ ಮಾಡಿಸಿಬಿಟ್ರು ಇವರಪ್ಪ." ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ಮಾತು ಅದು.

ಜೊತೆಗೆ ಯಾರಿರಬೇಕು ಅನ್ನೋದೂ ಆ ದಿನವೇ ತೀರ್ಮಾನವಾಗಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಡಬೇಕು ಅಂತ ಕೇಂದ್ರದಿಂದ 2016ರಲ್ಲೇ ಮಾರ್ಗಸೂಚಿ ಬಂದಿದೆ. ಹೆತ್ತು ಅನುಭವ ಇರುವ ಹೆಂಗಸು ಇರಬೇಕು ಅಂತ ಅದರಲ್ಲಿದೆ. ಪರದೆ, ಮರೆ ಸರಿಯಿದ್ದ ಕಡೆ ಗಂಡನನ್ನೂ ಬಿಡಬಹುದು. ಅಮ್ಮನೇ ಇರಬೇಕು ಅಂತೇನಿಲ್ಲ. ನಮ್ಮಮ್ಮ ನನಗಿಂತ ಮುಂಚೆ ಅಳುತ್ತಾರೆ. ನಾನು ಅಕ್ಕನನ್ನು ಆರಿಸಿಕೊಂಡೆ. ಅವಳಿಗೆ ಬೆನ್ನು ನೀವೋಕೆ ಬರುತ್ತೆ, ಜೊತೆಗೆ "ಯಾಕೆ" ಅಂತ ಕೇಳೋಕೂ ಬರುತ್ತೆ.

ಮುಹೂರ್ತದ ಮಾತು ಬಂದೇ ಬರುತ್ತೆ. ಅಮಾವಾಸ್ಯೆ ತಪ್ಪಲಿ, ಮೂಲಾ ನಕ್ಷತ್ರ ತಪ್ಪಲಿ, ಹೇಗೂ ಸಿಸೇರಿಯನ್ ಅಲ್ವಾ, ಒಳ್ಳೇ ದಿನ ನೋಡೋಣ ಅಂತ. ಡಾಕ್ಟರು ಕೊಟ್ಟ ದಿನಗಳ ಒಳಗೇ ಒಂದನ್ನು ಆರಿಸಿದರೆ ನನ್ನ ತಕರಾರಿಲ್ಲ. ಆದರೆ ಪಂಚಾಂಗ ನೋಡಿ 39 ವಾರಕ್ಕಿಂತ ಮುಂಚೆ ಮಗು ತೆಗೆಸೋದು ಬೇಡ. ಬೇರೆ ಕಾರಣವಿಲ್ಲದೆ ಹಾಗೆ ಅವಸರ ಮಾಡಿದರೆ ಮಗುವಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಜಾಸ್ತಿ.

ಹೆಜ್ಜೆ 5: ಒಂದು ಹಾಳೆ ಬರೆಯಿರಿ

ಒಂದೇ ಹಾಳೆ. ದೊಡ್ಡ ಅಕ್ಷರ. ನನ್ನದು ಹೀಗಿತ್ತು. ಮೇಲೆ ಹೆಸರು, ತಾಯಿ ಕಾರ್ಡಿನ ನಂಬರು, ರಕ್ತದ ಗುಂಪು, ಗಂಡನ ಫೋನು. ಕೆಳಗೆ:

ಎಲ್ಲ ಸರಿಯಿದ್ದರೆ ನನ್ನ ಕೋರಿಕೆ ಇಷ್ಟು:
– ನನ್ನ ಜೊತೆ ನನ್ನ ಅಕ್ಕ ಇರುತ್ತಾಳೆ.
– ಓಡಾಡಲು, ನೀರು ಕುಡಿಯಲು ಬಿಡಿ.
– ಡ್ರಿಪ್‌ನಲ್ಲಿ ನೋವು ಬರಿಸುವ ಔಷಧಿ ಹಾಕುವ ಮುಂಚೆ ನನಗೆ ಹೇಳಿ.
– ಕೆಳಗೆ ಕೊಯ್ಯಬೇಕಾದರೆ ಹೇಳಿ ಕೊಯ್ಯಿರಿ. ಹೊಲಿಗೆ ಹಾಕುವಾಗ ಮರಗಟ್ಟುವ ಇಂಜೆಕ್ಷನ್ ಕೊಡಿ.
– ಸಿಸೇರಿಯನ್ ಬೇಕಾದರೆ ಕಾರಣ ನನಗೇ ಹೇಳಿ. ಸಹಿ ನಾನೇ ಹಾಕುತ್ತೇನೆ.
– ಕಾಪರ್-ಟಿ ಬೇಡ.
ತುರ್ತು ಬಂದರೆ ನಿಮ್ಮ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇದೆ.

ಕೊನೆಯ ಸಾಲು ಬರೆಯದೆ ಕೊಡಬೇಡಿ. ಆ ಒಂದು ಸಾಲಿನಿಂದ ಡಾಕ್ಟರಿಗೆ ನೀವು ಜಗಳಕ್ಕೆ ಬಂದವರಲ್ಲ ಅಂತ ಗೊತ್ತಾಗುತ್ತೆ. ಮೂರು ಪ್ರತಿ ಮಾಡಿ. ಒಂದು ಡಾಕ್ಟರಿಗೆ ಎಂಟನೇ ತಿಂಗಳಲ್ಲೇ ಕೊಡಿ, ಒಂದನ್ನು ಫೈಲಿಗೆ ಪಿನ್ ಮಾಡಿ, ಇನ್ನೊಂದು ಜೊತೆಗಿರುವವರ ಪರ್ಸಿನಲ್ಲಿರಲಿ. ನೋವಿನ ಮಧ್ಯೆ ನಿಮ್ಮ ಬಾಯಿಂದ ಮಾತು ಬರದಿದ್ದಾಗ ಆ ಹಾಳೆ ಮಾತಾಡುತ್ತೆ.

ಹೆಜ್ಜೆ 6: ನೋವು ಶುರುವಾದಾಗ

ಮೊದಲ ನೋವಿಗೇ ಓಡಬೇಡಿ. ನೀರು ಒಡೆದರೆ, ರಕ್ತ ಕಂಡರೆ, ಮಗು ಅಲುಗಾಡೋದು ಕಡಿಮೆಯಾದರೆ, ತಲೆನೋವು ಬಂದು ಕಣ್ಣು ಮಂಜಾದರೆ, ಮೊದಲು ಸಿಸೇರಿಯನ್ ಆಗಿದ್ದರೆ ಮಾತ್ರ ಕೂಡಲೇ ಹೊರಡಿ. ದೂರದ ಊರಾದರೂ ಅಷ್ಟೇ. ಉಳಿದವರು ನೋವು ಕ್ರಮವಾಗಿ, ಹತ್ತಿರ ಹತ್ತಿರ ಬರುವ ತನಕ ಮನೆಯಲ್ಲೇ ಓಡಾಡಿಕೊಂಡಿರಬಹುದು.

ಗರ್ಭಕೋಶದ ಬಾಯಿ 5 ಸೆಂಟಿಮೀಟರು ತೆರೆದ ಮೇಲೆ ನಿಜವಾದ ಹೆರಿಗೆ ನೋವು ಶುರು ಅಂತ ಈಗಿನ ಲೆಕ್ಕ. ಅದಕ್ಕೂ ಮುಂಚೆ ಗಂಟೆಗಟ್ಟಲೆ ನಿಧಾನವಾಗಿ ಹೋಗೋದು ಸಹಜ. ಗಂಟೆಗೆ ಒಂದು ಸೆಂಟಿಮೀಟರು ತೆರೆಯಲೇಬೇಕು ಅನ್ನೋ ಹಳೇ ನಿಯಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟಿದೆ. ಎಲ್ಲರಿಗೂ ಎನಿಮಾ ಕೊಡೋದು, ಕೂದಲು ಬೋಳಿಸೋದು ಬೇಕಿಲ್ಲ. ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಬಂದು ಹೋಗುವವರೆಲ್ಲ ಕೈ ಹಾಕುತ್ತಿದ್ದರೆ, "ಈಗ ತಾನೇ ನೋಡಿದ್ರಲ್ಲ ಸಿಸ್ಟರ್, ಎಷ್ಟಿತ್ತು ಅಂತ ಬರ್ದಿದಾರೆ ನೋಡಿ" ಅನ್ನೋಕೆ ಜೊತೆಗಿರುವವರಿಗೆ ಹೇಳಿಕೊಟ್ಟಿರಿ.

ಯಾರಾದರೂ ಹೊಟ್ಟೆಯ ಮೇಲೆ ಕೈಯಿಟ್ಟು ಜೋರಾಗಿ ಕೆಳಗೆ ಒತ್ತಿದರೆ ಬೇಡ ಅನ್ನಿ. ಅದನ್ನು ಮಾಡಬಾರದು ಅಂತಲೇ ಇದೆ. ಎಡಕ್ಕೆ ಹೊರಳಿ, ಕೂತು, ಮಂಡಿಯೂರಿ ಯಾವ ರೀತಿ ಹಗುರ ಅನಿಸುತ್ತೋ ಹಾಗೆ ಇರಲು ಕೇಳಿ. ನಮ್ಮ ಅಜ್ಜಿಯಂದಿರು ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂತು ಹೆತ್ತವರು. ಮಂಚದ ಮೇಲೆ ಅಂಗಾತ ಮಲಗಿಸಿದ್ದು ಆಮೇಲೆ ಬಂದ ಪದ್ಧತಿ.

ನೋವು ಕಡಿಮೆ ಮಾಡುವ ಬೆನ್ನಿನ ಇಂಜೆಕ್ಷನ್, ಎಪಿಡ್ಯೂರಲ್, ಎಲ್ಲ ಕಡೆ ಸಿಗಲ್ಲ. ಬೇಕಿದ್ದರೆ ಮೊದಲೇ ವಿಚಾರಿಸಿ. ತಗೊಂಡರೆ ತಾಯ್ತನ ಕಮ್ಮಿಯಾಗಲ್ಲ, ಬೇಡ ಅಂದರೆ ಪದಕವೂ ಸಿಗಲ್ಲ.

ಇನ್ನು ಬೈಗುಳ. "ಆವಾಗ ಗೊತ್ತಾಗ್ಲಿಲ್ವಾ, ಈಗ ಕಿರುಚ್ತೀಯ" ಅನ್ನೋ ಮಾತು ನಮ್ಮಲ್ಲಿ ಬಹಳ ಹೆಂಗಸರು ಕೇಳಿದ್ದಾರೆ. ಆ ಹೊತ್ತಿನಲ್ಲಿ ನೀವು ಉತ್ತರ ಕೊಡಬೇಕಿಲ್ಲ. ಜೊತೆಗಿರುವವರು ಹೆಸರು, ಹೊತ್ತು ನೆನಪಿಟ್ಟುಕೊಳ್ಳಲಿ.

ಹೆಜ್ಜೆ 7: "ಸಿಸೇರಿಯನ್ ಮಾಡಬೇಕು" ಅಂದಾಗ

ಒಂದು ಪ್ರಶ್ನೆ ಮೊದಲು: "ಇದು ಈಗಿಂದೀಗಲೇ ಆಗಬೇಕಾ, ಮಾತಾಡೋಕೆ ಸಮಯ ಇದೆಯಾ?" ಈಗಲೇ ಅಂದರೆ ಸಹಿ ಹಾಕಿ. ಸಮಯ ಇದೆ ಅಂದರೆ ಕಾರಣ ಕೇಳಿ, ಒಂದು ಗಂಟೆ ಕಾದರೆ ಏನಾಗಬಹುದು ಕೇಳಿ.

ಕೆಲವು ಕಾರಣಗಳನ್ನು ಮೊದಲೇ ತಿಳಿದಿರೋದು ಒಳ್ಳೇದು. 'ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿದೆ' ಅನ್ನೋದು ಸ್ಕ್ಯಾನಿಂಗಿನಲ್ಲಿ ಕಂಡರೆ ಮನೆಮಂದಿಗೆಲ್ಲ ಎದೆ ಒಡೆಯುತ್ತೆ. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಹೀಗಿರುತ್ತೆ, ಬಹುಪಾಲು ಮಕ್ಕಳು ಸಲೀಸಾಗಿ ಹುಟ್ಟುತ್ತವೆ. ಅದೊಂದೇ ಕಾರಣಕ್ಕೆ ಕೊಯ್ಯಬೇಕಿಲ್ಲ, ಎದೆಬಡಿತ ನೋಡಿಕೊಂಡರಾಯಿತು. 'ನೀರು ಕಡಿಮೆ' ಅಂದರೆ ಎಷ್ಟು ಅಂತ ಕೇಳಿ. ರಿಪೋರ್ಟಿನಲ್ಲಿ ಎಎಫ್‌ಐ ಅಂತ ಒಂದು ಅಂಕಿ ಇರುತ್ತೆ, 5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ನನ್ನ ಮೊದಲ ಹೆರಿಗೆಯ ರಿಪೋರ್ಟಿನಲ್ಲಿ 7.8 ಇತ್ತು. ಇದು ನನಗೆ ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ, ಜೆರಾಕ್ಸ್ ಕೈಗೆ ಬಂದಾಗ. ಬೇರೆ ಕಾರಣವೂ ಇದ್ದಿರಬಹುದು. ಹಾಳೆಯಲ್ಲಿ ಬರೆದಿಲ್ಲ.

ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ನೇ ಅಂತಿಲ್ಲ. ಹಿಂದಿನ ಕೊಯ್ತ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಆಗಿದ್ದರೆ, ಎರಡು ಹೆರಿಗೆಗಳ ನಡುವೆ ಸಾಕಷ್ಟು ಅಂತರ ಇದ್ದರೆ ಪ್ರಯತ್ನಿಸಬಹುದು. ಹಾಗೆ ಪ್ರಯತ್ನಿಸಿದ ನೂರು ಜನರಲ್ಲಿ 60ರಿಂದ 80 ಜನರಿಗೆ ನಾರ್ಮಲ್ ಆಗುತ್ತೆ. ಆದರೆ ಸುಮಾರು 200ಕ್ಕೆ ಒಬ್ಬರಿಗೆ ಹಳೇ ಹೊಲಿಗೆ ಬಿಚ್ಚುವ ಅಪಾಯ ಇದೆ, ಅದು ಜೀವಕ್ಕೇ ಬರಬಹುದು. ಅದಕ್ಕೇ ಆಪರೇಷನ್ ಥಿಯೇಟರು, ರಕ್ತ, ಅರಿವಳಿಕೆ ಡಾಕ್ಟರು ಹೊತ್ತಿಲ್ಲದ ಹೊತ್ತಿನಲ್ಲೂ ಸಿಗುವ ಕಡೆ ಮಾತ್ರ ಈ ಯೋಚನೆ ಮಾಡಿ.

ನಾನು ಪ್ರಯತ್ನಪಟ್ಟೆ. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಬೆಳಗಿನ ಜಾವ 6 ಸೆಂಟಿಮೀಟರಿಗೆ ಬಂದು ನಿಂತುಬಿಟ್ಟಿತು. ಡಾಕ್ಟರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರ ಕಾಲಲ್ಲಿ ಮನೆಯ ಹವಾಯಿ ಚಪ್ಪಲಿ ಇತ್ತು, ಹಾಗೇ ಎದ್ದು ಬಂದಿದ್ದರು. "ನೋಡಮ್ಮಾ, ಹಳೇ ಹೊಲಿಗೆ ಇದೆ, ಡ್ರಿಪ್ ಜಾಸ್ತಿ ಮಾಡೋಕೆ ನಂಗೆ ಧೈರ್ಯ ಇಲ್ಲ. ಮಗು ಚೆನ್ನಾಗಿದೆ. ಇನ್ನೊಂದು ಗಂಟೆ ಕಾಯಬಹುದು. ಆಗಲೂ ಹೀಗೇ ಇದ್ರೆ ಆಪರೇಷನ್ ವಾಸಿ ಅಂತ ನನ್ನ ಲೆಕ್ಕ. ನೀನೇನಂತೀಯ?" ಅಂದರು. ನಾನು ಕಾಯೋಣ ಅಂದೆ. ಅಕ್ಕ ಬೆನ್ನು ನೀವಿದಳು. ಒಂದು ಗಂಟೆ ಹತ್ತು ನಿಮಿಷ. ಒಂದು ಎಳೆಯಷ್ಟೂ ಮುಂದೆ ಹೋಗಲಿಲ್ಲ. ಸಿಸ್ಟರು ರಟ್ಟಿಗೆ ಸಿಕ್ಕಿಸಿದ ಪೇಪರು ಹಿಡಿದು ಬಾಗಿಲ ಕಡೆ ಹೋದರು. ಹೊರಗಿಂದ ನನ್ನ ಗಂಡನ ದನಿ ಕೇಳಿಸಿತು: "ಅವಳನ್ನೇ ಕೇಳಿ." ಸಿಸ್ಟರು ವಾಪಸ್ ಬಂದರು. ಸಹಿ ಹಾಕಿದೆ. ಸೊಟ್ಟಗಿದೆ, ಆದರೆ ಓದಬಹುದು.

ಅದೇ ಥಿಯೇಟರು, ಅದೇ ಥರದ ಹೊಲಿಗೆ. ಈ ಸಲ ಕೊರೆಯುವಂಥದ್ದು ಏನೂ ಉಳಿಯಲಿಲ್ಲ.

ಹೆಜ್ಜೆ 8: ಹೆರಿಗೆಯ ಹಿಂದೆಯೇ ಬರುವ ಎರಡು ಪ್ರಶ್ನೆ

ಕಸ, ಅಂದರೆ ಮಾಸು, ಬಿದ್ದ ಹತ್ತು ನಿಮಿಷದ ಒಳಗೆ ಕಾಪರ್-ಟಿ ಹಾಕುವ ಪದ್ಧತಿ ಇದೆ. ಒಳ್ಳೆಯ ಸಾಧನವೇ, ಬೇಕೆನಿಸಿದವರು ಹಾಕಿಸಿಕೊಳ್ಳಲಿ. ಆದರೆ ನೋವಿನ ನಡುವೆ "ಹಾಕ್ಲಾ?" ಅಂತ ಕೇಳೋದು ಕೇಳಿದಂತಲ್ಲ. ಬಸುರಿಯಾಗಿದ್ದಾಗಲೇ ಕೇಳಿ ಒಪ್ಪಿಗೆ ಪಡೆದಿರಬೇಕು. ಹೇಳದೇ ಹಾಕಿದ್ದಾರೇನೋ ಅನ್ನೋ ಅನುಮಾನ ಇದ್ದರೆ ಡಿಸ್ಚಾರ್ಜ್‌ಗೆ ಮುಂಚೆ ನೇರವಾಗಿ ಕೇಳಿ. ಬೇಡದಿದ್ದರೆ ತೆಗೆಸಬಹುದು.

ಮಕ್ಕಳಾಗದ ಆಪರೇಷನ್ನಿಗೂ ನಿಮ್ಮ ಸಹಿಯೇ ಬೇಕು. ಗಂಡನ ಒಪ್ಪಿಗೆ ಬೇಕೇ ಬೇಕು ಅಂತ ಸರ್ಕಾರದ ನಿಯಮದಲ್ಲಿ ಇಲ್ಲ. ಸಿಸೇರಿಯನ್ ಟೇಬಲ್ ಮೇಲೆ ಮಲಗಿಸಿ, "ಹೊಟ್ಟೆ ತೆರೆದಿದೆ, ಅದನ್ನೂ ಮಾಡಿಬಿಡೋಣ" ಅನ್ನೋದು ಸರಿಯಲ್ಲ.

ಮಗು ಅತ್ತು ಚೆನ್ನಾಗಿದ್ದರೆ ಹೊಕ್ಕುಳ ಬಳ್ಳಿಯನ್ನು ಒಂದು ನಿಮಿಷವಾದರೂ ಕಾದು ಕತ್ತರಿಸಲಿ, ಎದೆಯ ಮೇಲೆ ಮಲಗಿಸಲಿ, ಒಂದು ಗಂಟೆಯೊಳಗೆ ಎದೆಹಾಲಿಗೆ ಹಾಕಲಿ. ಸಿಸೇರಿಯನ್ ಆದವರಿಗೂ ಇದು ಸಾಧ್ಯ. ಹೊರಗೆ ಜೇನುತುಪ್ಪ, ಸಕ್ಕರೆ ನೀರು ಹಿಡಿದು ನಿಂತ ದೊಡ್ಡವರನ್ನು ತಡೆಯೋ ಕೆಲಸ ಗಂಡನದು.

ಹೆಜ್ಜೆ 9: ಕಾಗದ ಕೈಗೆ ಬರುವ ತನಕ ಮನೆಗೆ ಹೊರಡಬೇಡಿ

ನಿಮ್ಮ ಕೇಸ್ ಶೀಟಿನ ಪ್ರತಿ ಕೇಳುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮದಲ್ಲೇ 2002ರಿಂದ ಇದೆ. ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಅಂತಾರೆ. ಒಂದು ಅರ್ಜಿ ಬರೆದು, ಅದರ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನಾನು ಎರಡು ವರ್ಷ ತಡಮಾಡಿ ಕೇಳಿದೆ, ನಾಲ್ಕು ಸಲ ಓಡಾಡಬೇಕಾಯಿತು.

ದೂರು ಕೊಡಬೇಕೆನಿಸಿದರೆ ಸರ್ಕಾರಿ ಆಸ್ಪತ್ರೆಯದ್ದನ್ನು ಆರೋಗ್ಯ ಸಹಾಯವಾಣಿ 104ಕ್ಕೆ ಹೇಳಬಹುದು, ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬಹುದು. ಖಾಸಗಿಯದ್ದಾದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಇದೆ. ಬಾಣಂತನ ಮುಗಿಯಲಿ, ಆತುರ ಬೇಡ. ದಿನಾಂಕ, ಹೊತ್ತು ಮಾತ್ರ ನೆನಪಿರುವಾಗಲೇ ಬರೆದಿಡಿ.

ಡಿಸ್ಚಾರ್ಜ್ ಕಾರ್ಡನ್ನು ಅಲ್ಲೇ ನಿಂತು ಓದಿ. ಸಿಸೇರಿಯನ್ ಆಗಿದ್ದರೆ ಯಾಕೆ ಮಾಡಿದರು ಅಂತ ಬರೆದಿದೆಯಾ, ಗರ್ಭಕೋಶದ ಕೊಯ್ತ ಅಡ್ಡವೋ ಉದ್ದವೋ ಅಂತ ಇದೆಯಾ ನೋಡಿ. ಚರ್ಮದ ಮೇಲಿನ ಗೆರೆ ನೋಡಿದರೆ ಒಳಗಿನದು ಗೊತ್ತಾಗಲ್ಲ. ಮುಂದಿನ ಸಲ ಬೇರೆ ಊರಿನ ಬೇರೆ ಡಾಕ್ಟರು ಮೊದಲು ಕೇಳೋದೇ ಇದನ್ನು. ಬರೆದಿಲ್ಲದಿದ್ದರೆ ಬರೆಸಿಕೊಳ್ಳಿ. ಆಟೋದವನು ಹೊರಗೆ ಹಾರನ್ ಹೊಡೆಯುತ್ತಿದ್ದರೂ ಪರವಾಗಿಲ್ಲ, ಎರಡು ನಿಮಿಷ ಕಾಯಲಿ.